ದೇವಿ ಹಾಕುವವರ ದೆವ್ವದ ಕಥೆ

ಆಗಿನ್ನೂ ಬ್ರಿಟಿಷರ ಕಾಲ. ಸಿಡುಬು ಬಾರದಂತೆ ತೋಳಿಗೆ ದೇವಿ, ಅಂದರೆ ಲಸಿಕೆ, ಹಾಕುವವರೊಬ್ಬರು ಶಿಗ್ಗಾಂವಿಯಿಂದ ಸೈಕಲ್ ಮೇಲೆ ಹಿರೇಬೆಂಡಿಗೇರಿಗೆ ಬಂದರೆ ನಾವು ಮಕ್ಕಳು ಬಣವೆಯ ಹಿಂದೆ ಅಡಗುತ್ತಿದ್ದೆವು. ಅವರು ಯಾರನ್ನೂ ಹುಡುಕುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು, ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿ, ಸಣ್ಣ ದೀಪಕ್ಕೆ ಸೂಜಿ ಹಿಡಿದು, ತಮ್ಮಷ್ಟಕ್ಕೆ ತಾವೇ ದೆವ್ವದ ಕಥೆ ಶುರು ಮಾಡುತ್ತಿದ್ದರು. ನಾವು ಒಬ್ಬೊಬ್ಬರೇ ಹೊರಗೆ ಬರುತ್ತಿದ್ದೆವು. ಮೈಮೇಲೆ ಮುಳ್ಳೆದ್ದಿರುವಾಗ ಸೂಜಿ ಗೀರಿದ್ದು ಯಾರಿಗೆ ತಿಳಿಯಬೇಕು? ಎದೆ ಝಲ್ಲೆನ್ನುವಲ್ಲಿಗೆ ಕಥೆ ನಿಲ್ಲಿಸಿ, “ಮುಂದಿಂದು ಎಂಟ್ ದಿನಕ್ಕ” ಎಂದು ಎದ್ದುಬಿಡುತ್ತಿದ್ದರು. ತೋಳಿನಲ್ಲಿ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಲು ಎಂಟನೆಯ ದಿನ ಅವರು ಬರುವಾಗ ನಾವು ಊರ ಹೊರಗೇ ಕಾಯುತ್ತಿದ್ದೆವು.

ನಮ್ಮವ್ವನಿಗೆ ಮಾತ್ರ ಅವರನ್ನು ಕಂಡರಾಗದು. ಸಿಡುಬಿನಲ್ಲೇ ನನ್ನ ಅಣ್ಣ ಹೋಗಿದ್ದ. ಆದರೂ ದೇವಿ ಹಾಕಿಸಿದರೆ ಸಿಡುಬಿನ ದೇವತೆ ದುರಗವ್ವ ಸಿಟ್ಟಾದಾಳೆಂದು, ಒಮ್ಮೆ ಅವರು ಊರಿಗೆ ಬಂದಾಗ ಹಸುಗೂಸು ತಂಗಿಯನ್ನು ಎತ್ತಿಕೊಂಡು ಕದ ಹಾಕಿಕೊಂಡಳು. ಆ ದಿನ ಅವರು ನಮ್ಮ ಕಟ್ಟೆಗೇ ಬಂದು ಕುಳಿತರು. ಕಥೆ ಶುರುವಾಯಿತು: ಅಂಗೈಯಲ್ಲಿ ಕಣ್ಣಿದ್ದ ಹೆಂಗಸೊಬ್ಬಳು ಒಂದು ಮನೆಯ ಬಾಗಿಲು ಬಡಿಯುತ್ತಾಳೆ. ಒಳಗೆ ಬಾಣಂತಿ ಒಬ್ಬಳೇ ಇದ್ದಾಳೆ. ಕಥೆ ಅಲ್ಲಿಗೆ ನಿಂತಿತು.

ನಮ್ಮ ಕದ ಒಂದು ಗೇಣು ತೆರೆಯಿತು.

“ಬಾಣಂತಿ ಬಾಗಲಾ ತಗದ್ಲೇನ್ರಿ?” ಅವ್ವ ಕೇಳಿದಳು.

“ಕೂಸಿನ ತೋಳ ನೋಡಾಕ ಬಂದಾಗ ಹೇಳ್ತೇನಿ, ಯವ್ವಾ.”

ಅವ್ವ ಕದವನ್ನು ಪೂರ್ತಿ ತೆಗೆದು ಹೊರಗೆ ಬಂದು, ತಂಗಿಯ ಅಂಗಿಯ ತೋಳನ್ನು ತಾನೇ ಮೇಲೆ ಸರಿಸಿದಳು.

“ಎಂಟ್ ದಿನಕ್ಕ ತಪ್ಪಸಬ್ಯಾಡ್ರಿ ಮತ್ತ.”