ಹಸೀನಾ ಆಪಾ ಬಿಟ್ಟುಕೊಟ್ಟ ಜಾಗ

ನನ್ನ ಹೊಟ್ಟೆಯಲ್ಲಿ ಕೂಸಿರಲಿಲ್ಲ. ಖಣಗಳಿದ್ದವು — ಕುಬುಸ ಹೊಲಿಸುವ ಖಣಗಳು. ಮಡಿಚಿ, ಒಂದರ ಮೇಲೊಂದು ಜೋಡಿಸಿ, ಹಳೆಯ ಸೀರೆಯ ತುಂಡಿನಿಂದ ಬಿಗಿದು ಕಟ್ಟಿಕೊಂಡವು. ಒಂದು ವರ್ಷ ದೀಪಾವಳಿಯಿಂದ ಶಿವರಾತ್ರಿಯವರೆಗೆ, ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ನಾನು ಬಸುರಿಯಾಗಿದ್ದೆ. ಗಾಡಿ ಇಳಿದ ಮೇಲೆ ಆಗಿರುತ್ತಿರಲಿಲ್ಲ. ಆ ಸುಳ್ಳಿನಿಂದ ನನಗೆ ಸಿಕ್ಕ ಜಾಗ ಹಸೀನಾ ಆಪಾಳದು. ಅವಳು ಖರೇ ಬಸುರಿಯಾಗಿದ್ದಳು. ಅದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಕೂತೇ ಇದ್ದೆ.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ವ್ಯಾಪಾರದಲ್ಲಿ ನಾನು ಹೀಗೆ ಮಾಡುವವಳಲ್ಲ. ಮಾಲಿನ ಹುಳುಕನ್ನು ಒಳಮಡಿಕೆಗೆ ಹಾಕಿ, ಮೇಲಿನ ಅಂಚನ್ನು ಬೆಳಕಿಗೆ ಹಿಡಿದು ಮಾರುವವಳು ನಾನು. ಈಗ ಹಾವೇರಿ ಪೇಟೆಯಲ್ಲಿ ನನ್ನದೇ ಬಟ್ಟೆ ಅಂಗಡಿಯಿದೆ. ಬರುವ ಹುಡುಗಿಯರಿಗೆ ಅವರು ಕೇಳದಿದ್ದರೂ ಬುದ್ಧಿ ಹೇಳುತ್ತೇನೆ — ಮೊದಲ ದರಕ್ಕೆ ಹೂಂ ಅನ್ನಬೇಡಿ, ಇಷ್ಟವಾದ ಸೀರೆಯನ್ನು ಎರಡನೇ ಸಲ ಮುಟ್ಟಬೇಡಿ, ಬೇಡವೆಂದು ಎದ್ದು ಹೊರಟರೆ ಮೆಟ್ಟಿಲು ಇಳಿಯುವುದರೊಳಗೆ ನಾನೇ ಕರೆಯುತ್ತೇನೆ. ಅವರು ನಗುತ್ತಾರೆ. ಶಾಣ್ಯಾ ಹೆಂಗಸು ಅನ್ನುತ್ತಾರೆ. ಆ ಶಾಣ್ಯಾತನ ಎಲ್ಲಿ ಕಲಿತದ್ದೆಂದು ಯಾರೂ ಕೇಳಿಲ್ಲ.

ಆಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಲಾರಿ ಮೇಲೆ ಸೊಲ್ಲಾಪುರದ ಕಡೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಅಲ್ಲೇ ಒಬ್ಬಳ ಜೊತೆ ಸಂಸಾರ ಹೂಡಿದ್ದಾನೆಂದು ಜನ ಹೇಳಿದರು. ತವರಿನವರು ಎರಡು ಸಲ ಕರೆದು ಮೂರನೇ ಸಲ ಸುಮ್ಮನಾದರು. ಹಾವೇರಿಯಲ್ಲಿ ಒಂದು ಬಾಡಿಗೆ ಖೋಲಿ, ಒಂದು ಸ್ಟೋವ್, ಖಣದ ಗಂಟು — ಇಷ್ಟೇ ನನ್ನ ಬದುಕು. ರಾಣೆಬೆನ್ನೂರಿನ ಮನೆಮನೆಗೆ ಹೋಗಿ ಖಣ ಮಾರುತ್ತಿದ್ದೆ. ದಿನವಿಡೀ ಮಾತಾಡುತ್ತಿದ್ದೆ ನಿಜ; ಆದರೆ ಅವೆಲ್ಲ ಮಾರುವ ಮಾತು. ಉಂಡೆಯಾ ಎಂದು ಕೇಳುವ ಒಂದು ದನಿ ಇರಲಿಲ್ಲ.

ಅಂದಿನ ಆ ಗಾಡಿಯನ್ನು ಈಗಿನವರಿಗೆ ಹೇಗೆ ತಿಳಿಸಲಿ? ಆಗಿನ್ನೂ ಸಣ್ಣ ಹಳಿ, ಸಣ್ಣ ಡಬ್ಬಿಗಳು. ಹೆಂಗಸರ ಡಬ್ಬಿಯೆಂದರೆ ಒಂದು ಅಂಗಳದಷ್ಟಿಲ್ಲ. ಅದರೊಳಗೆ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುವ ಹೆಂಗಸರು, ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ, ಕಂಕುಳ ಕೂಸು. ಒಂದು ಕಾಲು ಎತ್ತಿದರೆ ಮತ್ತೆ ಊರಲು ಜಾಗವಿಲ್ಲ. ಯಾರದೋ ಮೊಣಕೈ ಬೆನ್ನಿಗೆ, ಯಾರದೋ ಬುಟ್ಟಿಯ ಅಂಚು ಪಕ್ಕೆಗೆ. ಬ್ಯಾಡಗಿ ಹತ್ತಿರವಾಯಿತೆಂದು ಕಿಟಕಿಯಲ್ಲಿ ನೋಡಬೇಕಿರಲಿಲ್ಲ — ಡಬ್ಬಿಯೇ ಕೆಮ್ಮಲು ಶುರುಮಾಡುತ್ತಿತ್ತು. ಅಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗುತ್ತಿದ್ದರು. ರಾಣೆಬೆನ್ನೂರು ಮುಟ್ಟುವಾಗ ಅರ್ಧ ಜೀವ. ವ್ಯಾಪಾರಕ್ಕೆ ಬೇಕಾದ ನಗು ಗಾಡಿಯಲ್ಲೇ ಸೋರಿಹೋಗಿರುತ್ತಿತ್ತು. ದಣಿದ ಮುಖದಿಂದ ಯಾರೂ ಖಣ ಕೊಳ್ಳುವುದಿಲ್ಲ.

ಒಮ್ಮೆ ಆ ನೂಕಾಟದಲ್ಲಿ ನನ್ನ ಗಂಟನ್ನು ಯಾರೋ ಬ್ಲೇಡಿನಿಂದ ಸೀಳಿ, ಒಳ್ಳೆಯ ಖಣಗಳನ್ನೆಲ್ಲ ಎಳೆದುಕೊಂಡರು. ಮರುದಿನದಿಂದ ಬೆಲೆಬಾಳುವ ಖಣಗಳನ್ನು ಹಾವೇರಿ ಸ್ಟೇಷನ್ನಿನ ಪಾಯಖಾನೆಯಲ್ಲಿ ಹೊಟ್ಟೆಗೆ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದು ಗಾಡಿ ಹತ್ತತೊಡಗಿದೆ. ಕಳ್ಳರಿಗೆ ಹೆದರಿ, ಅಷ್ಟೇ. ಬೇರೆ ಯಾವ ಎಣಿಕೆಯೂ ಅದರಲ್ಲಿ ಇರಲಿಲ್ಲ — ಆ ದಿನ ಇರಲಿಲ್ಲ.

ತೊಟ್ಟು ಮುರಿಯುವವರ ಪೈಕಿ ಗೌರವ್ವ ಎಂಬ ದೊಡ್ಡ ದನಿಯ ಹೆಂಗಸಿದ್ದಳು. ಅವಳ ಕಣ್ಣು ನನ್ನ ಸೆರಗಿನ ಉಬ್ಬಿನ ಮೇಲೆ ಬಿತ್ತು.

"ಏ, ಸರೀರಿ ಅತ್ತಾಗ! ಎರಡ ಜೀವದಾಕಿ ನಿಂತಾಳ, ನಿಮಗ ಕಣ್ಣ ಕಾಣಂಗಿಲ್ಲೇನ? ಮೆಣಸಿನಕಾಯಿ ಘಾಟಿಗೆ ಕಣ್ಣೂ ಹೋದುವೇನ?"

ಇಲ್ಲ ಗೌರವ್ವಾ, ಇವು ಖಣ — ಎಂದು ಹೇಳಿ ನಕ್ಕುಬಿಟ್ಟಿದ್ದರೆ ಅಂದೇ ಅದು ಮುಗಿಯುತ್ತಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಕಿಟಕಿಯ ಬದಿಗೆ ಕೂತಿದ್ದ ಒಬ್ಬಳು ಎದ್ದು ನಿಂತು, "ಬಾ ತಂಗಿ, ಇಲ್ಲಿ ಕುಂದ್ರು" ಅಂದಳು. ಕಾಲು ನನ್ನ ಬಾಯಿಗಿಂತ ಮೊದಲು ತೀರ್ಮಾನ ಮಾಡಿತು. ಕೂತೆ.

ಅವಳೇ ಹಸೀನಾ. ರಾಣೆಬೆನ್ನೂರಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವ ಕೆಲಸ. ನನಗಿಂತ ನಾಲ್ಕಾರು ವರ್ಷ ದೊಡ್ಡವಳು; ಡಬ್ಬಿಯಲ್ಲಿ ಎಲ್ಲರಿಗೂ ಆಪಾ. ಗಾಡಿ ಹಾವೇರಿಗೆ ಬಂದು ನಿಲ್ಲುವ ಮೊದಲೇ ಜಿಗಿದು ಹತ್ತಿ ಕಿಟಕಿಯ ಜಾಗ ಹಿಡಿಯುವುದರಲ್ಲಿ ಅವಳ ಕೈ ಚುರುಕು. ಅಂದಿನಿಂದ ಅವಳು ಆ ಜಾಗ ಹಿಡಿಯುತ್ತಿದ್ದದ್ದು ನನಗಾಗಿ. ನಾನು ಬಂದೊಡನೆ ಏಳುತ್ತಿದ್ದಳು. ಗಾಡಿ ಇಳಿದೊಡನೆ ನಾನು ಹೊಟ್ಟೆಯ ಖಣ ಬಿಚ್ಚಿ ಗಂಟಿಗೆ ಸೇರಿಸುತ್ತಿದ್ದೆ; ಸಂಜೆ ವ್ಯಾಪಾರ ಮುಗಿಸಿ ಬಸ್ಸಿನಲ್ಲಿ ಮರಳುತ್ತಿದ್ದೆ. ಬಸ್ಸಿನವರಿಗೆ ಒಬ್ಬಳು, ರೈಲಿನವರಿಗೆ ಇನ್ನೊಬ್ಬಳು.

ಜಾಗಕ್ಕಾಗಿ ಮಾತ್ರ ಆಗಿದ್ದರೆ ನಾಲ್ಕು ದಿನಕ್ಕೆ ಬಿಡುತ್ತಿದ್ದೆನೋ ಏನೋ. ಆದರೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಆ ಡಬ್ಬಿಯಲ್ಲಿ ನನ್ನನ್ನು ಕೇಳುವವರಿದ್ದರು. "ಏನ್ ತಿನ್ನಬೇಕ ಅನಸ್ತೈತಿ, ಹೇಳ" ಎಂದು ಗೌರವ್ವ ಕೇಳುತ್ತಿದ್ದಳು. ಹುಣಸೆ ಚಿಗಳಿ ಅಂದರೆ ಮರುದಿನ ಚಿಗಳಿ. ಕರಿಗಡಬು ಅಂದರೆ ಕರಿಗಡಬು. "ಗಂಡ ಎಲ್ಲ್ಯವಾ?" ಅಂದವರಿಗೆ ಲಾರಿ ಮೇಲೆ ಇರುತ್ತಾರೆ ಅಂದೆ. "ಬಸರಿ ಹೆಂಡ್ತೀನ ಬಿಟ್ಟು ಊರೂರು ತಿರಗತಾನ, ಬರಲಿ ಅಂವ, ನಾ ಕೇಳ್ತೇನಿ!" ಎಂದು ಗೌರವ್ವ ಬೈದಾಗ ಎದೆಯೊಳಗೆ ಏನೋ ತಣ್ಣಗಾಗುತ್ತಿತ್ತು. ನನ್ನ ಪರವಾಗಿ ಅವನನ್ನು ಬೈದವರು ಅದುವರೆಗೆ ಯಾರಿದ್ದರು? ಆಪಾ ಏನೂ ಕೇಳುತ್ತಿರಲಿಲ್ಲ. ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೈಗಿಡುತ್ತಿದ್ದಳು. ವಾರಕ್ಕೊಂದು ಖಣ ಹೆಚ್ಚು ಕಟ್ಟಿಕೊಂಡೆ. ಹೊಟ್ಟೆ ಬೆಳೆಯಿತು.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ ಗಾಡಿ ಬ್ಯಾಡಗಿಯ ಹೊರಗೆ ಸಿಗ್ನಲ್ಲಿಗಾಗಿ ನಿಂತಿತ್ತು. ಆಪಾ ಕಿಟಕಿಯ ಸರಳು ಹಿಡಿದು ನನ್ನ ಮೇಲೆ ಬಾಗಿ, ಕಿವಿಯಲ್ಲಿ ಅಂದಳು:

"ತಂಗಿ, ಒಂದ್ ಮಾತು. ಯಾರ ಮುಂದೂ ಅನಬ್ಯಾಡ. ನಂಗೂ ಐತಿ — ಎರಡ ತಿಂಗಳ ಮ್ಯಾಲಾತು. ಮೊದಲಿನ ಎರಡೂ ನಿಲ್ಲಲಿಲ್ಲ. ಅದಕ್ಕ ಈ ಸರ್ತಿ ಅತ್ತಿ ಮುಂದ ಸೈತ ಹೇಳಿಲ್ಲ. ನಿನ್ನ ನೋಡಿದ್ರ ನಂಗ ಧೈರ್ಯಾ ಬರತೈತಿ ನೋಡು."

ನಾನು ಅಂದೆ: "ಹಂಗಾರ ನೀ ಕುಂದ್ರು, ಆಪಾ."

"ಹುಚ್ಚಿ ಅದಿ ಏನ? ನಿಂದು ಏಳು ತಿಂಗಳು. ನಂದಿನ್ನೂ ಬೀಜ."

ಕುಂದ್ರು ಅಂದೆ, ಆದರೆ ಏಳಲಿಲ್ಲ. ಇದನ್ನು ಬಿಡಿಸಿ ಹೇಳಬೇಕು. ಎದುರಿನವರು ಒಲ್ಲೆ ಅನ್ನುತ್ತಾರೆಂದು ಖಾತ್ರಿ ಇದ್ದಾಗಲೇ ದೊಡ್ಡ ಮಾತು ಆಡಬೇಕು — ಇದು ಚೌಕಾಶಿಯ ಮೊದಲ ಪಾಠ. ಮಾತಿನ ಹೆಸರು ನಮಗೆ, ನಷ್ಟ ಅವರಿಗೆ. ಅಂದು ನಾನು ಆಪಾಳ ಜೊತೆ ಚೌಕಾಶಿ ಮಾಡಿದೆ. ಎದ್ದು ನಿಂತು, ಸೆರಗಿನೊಳಗಿನ ಗಂಟು ಬಿಚ್ಚಿ ತೋರಿಸಿದ್ದರೆ ಅವಳು ಕೂಡುತ್ತಿದ್ದಳು. ನಾನು ಮಾನ ಕಳೆದುಕೊಳ್ಳುತ್ತಿದ್ದೆ, ಚಿಗಳಿ ಕಳೆದುಕೊಳ್ಳುತ್ತಿದ್ದೆ, ಆ ಅರ್ಧ ರೊಟ್ಟಿ ಕಳೆದುಕೊಳ್ಳುತ್ತಿದ್ದೆ. ನಾಳೆ ಹೇಳೋಣ ಅಂದುಕೊಂಡೆ. ಮರುದಿನವೂ ನಾಳೆ ಅಂದುಕೊಂಡೆ. ಬೇರೆ ಡಬ್ಬಿ ಹತ್ತಬಹುದಿತ್ತು — ಅದೂ ಆಗಲಿಲ್ಲ. ದಿನವೂ ಅವಳು ನಿಂತಳು, ದಿನವೂ ನಾನು ಕೂತೆ. ಈಗ ನಮ್ಮಿಬ್ಬರಿಗೆ ಒಂದು ಗುಟ್ಟಿತ್ತು. ಅವಳು ನನ್ನ ಕಡೆ ನೋಡಿ ಸುಮ್ಮನೆ ನಗುತ್ತಿದ್ದಳು.

ಆ ನಡುವೆ ಆಪಾ ನನ್ನ ಹತ್ತಿರ ಒಂದು ಹಸಿರು ಖಣ ಕೊಂಡಳು. "ಬೇಕಾದಾಕಿಗೆ ಕೊಡೂದೈತಿ, ಸ್ವಲ್ಪ ಸೋಡ್ ಬಿಡು ತಂಗಿ" ಅಂದಳು. ದರದಲ್ಲಿ ನಾನು ಒಂದು ಪೈಸೆಯನ್ನೂ ಬಿಡಲಿಲ್ಲ. ಅಂಚಿನ ರೇಷ್ಮೆ ನೋಡು, ಮುಟ್ಟಿ ನೋಡು ಎಂದು ಪೂರ್ತಿ ದರ ತೆಗೆದುಕೊಂಡೆ.

ಮರುವಾರ ಆ ಖಣ ನನಗೇ ತಿರುಗಿ ಬಂತು. ಏಳನೇ ತಿಂಗಳೆಂದು ಡಬ್ಬಿಯ ಹೆಂಗಸರೆಲ್ಲ ಸೇರಿ, ಓಡುವ ಗಾಡಿಯಲ್ಲೇ ನನಗೆ ಉಡಿ ತುಂಬಿದರು. ಬುಟ್ಟಿಗಳನ್ನು ಮೇಲಕ್ಕೇರಿಸಿ, ಕೂಸುಗಳನ್ನು ಕೈಯಿಂದ ಕೈಗೆ ದಾಟಿಸಿ, ಆ ಇಕ್ಕಟ್ಟಿನಲ್ಲಿ ನನ್ನ ಸುತ್ತ ಒಂದಿಷ್ಟು ಜಾಗ ಮಾಡಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಹಸಿರು ಬಳೆ. "ಗಂಡಾಗಲಿ ಹೆಣ್ಣಾಗಲಿ, ಅವರಪ್ಪನಂಗ ಮಾತ್ರ ತಿರಗೂದು ಬ್ಯಾಡ" ಎಂದು ಗೌರವ್ವ ಹರಸಿದಾಗ ಡಬ್ಬಿಯೆಲ್ಲ ನಕ್ಕಿತು. ಕೊನೆಗೆ ಆಪಾ ಆ ಹಸಿರು ಖಣವನ್ನು ನನ್ನ ಉಡಿಯಲ್ಲಿಟ್ಟಳು. ಇಟ್ಟವಳು ನನ್ನ ಹೊಟ್ಟೆಯ ಮೇಲೆ ಅಂಗೈ ಇಡಲು ಕೈ ಚಾಚಿದಳು. ಬಟ್ಟೆಯ ಮೇಲೆ ಬದುಕುವ ಕೈ ಅದು, ಮುಟ್ಟಿದರೆ ತಿಳಿಯುತ್ತಿತ್ತು. ಆದರೆ ಅವಳೇ ಕೈ ಹಿಂದಕ್ಕೆಳೆದಳು.

"ಬ್ಯಾಡ," ಅಂದಳು. "ನನ್ನ ಕೈಗುಣ ಚಲೋ ಇಲ್ಲ."

ನನಗೆ ಆ ಕ್ಷಣ ಅನಿಸಿದ್ದೇನು ಗೊತ್ತೇ? ಪಾರಾದೆ — ಅಂತ.

ಸ್ವಲ್ಪ ದಿನಕ್ಕೆ, ಬ್ಯಾಡಗಿಯ ಪೇಟೆ ದಿನ. ಗೌರವ್ವನವರು ಇಳಿದರು. ಅವರಿಗಿಂತ ಹೆಚ್ಚು ಜನ ಚೀಲ ಸಮೇತ ಒಳಗೆ ನುಗ್ಗಿದರು. ಒಂದು ಚೀಲ ಆಪಾಳನ್ನು ನನ್ನ ಸೀಟಿನ ಮೂಲೆಗೆ ಒತ್ತಿತು. ಅವಳು ತುಟಿ ಕಚ್ಚಿ ಬಾಗಿದಳು. ಮುಖ ಬಿಳಿಚಿತ್ತು. "ಆಪಾ, ಕುಂದರ್ತಿ?" ಅಂದೆ. ಕೂತುಕೊಂಡೇ ಅಂದೆ.

"ಏನಿಲ್ಲ ತಂಗಿ. ದೇವರಗುಡ್ಡ ಬಂತಲ್ಲ, ಇನ್ನೆಷ್ಟ ದೂರ."

ಮರುದಿನ ಅವಳು ಬರಲಿಲ್ಲ. ಕಿಟಕಿಯ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಅದರ ಮಾರನೆಯ ದಿನ ಗೌರವ್ವ ದನಿ ತಗ್ಗಿಸಿ ಹೇಳಿದಳು: "ಹಸೀನಾಗ ಹೋತಂತವಾ. ಇದ್ದದ್ದ ಯಾರಿಗೂ ಹೇಳಿದ್ದಿಲ್ಲ ನೋಡು. ದಿನಾ ನಿಂತ ಬರ್ತಿದ್ಲು, ಹುಚ್ಚಿ..." ಆಮೇಲೆ ನನ್ನ ತಲೆ ಸವರಿ, "ನೀ ಮನಸಿಗೆ ಹಚ್ಚಿಕೋಬ್ಯಾಡ. ಎರಡ ಜೀವದಾಕಿ ಇಂಥಾವು ಕೇಳಬಾರ್ದು" ಅಂದಳು.

ದಿನವೂ ನಿಂತು ಪ್ರಯಾಣ ಮಾಡಿದ್ದರಿಂದಲೇ ಅವಳ ಬಸಿರು ಹೋಯಿತೆಂದು ಹೇಳಲು ನಾನು ಡಾಕ್ಟರಲ್ಲ. ಅದಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲೂ ಆಗದು. ಚೀಲ ಒತ್ತಿದಾಗ ಆ ಮೂಲೆಯಲ್ಲಿ ನಿಲ್ಲಬೇಕಾದವಳು ನಾನು. ಅಷ್ಟು ನನಗೆ ಗೊತ್ತು.

ಅಂದಿನಿಂದ ಆ ಗಾಡಿ ಬಿಟ್ಟೆ. ಆದರೆ ಹೊಟ್ಟೆಯನ್ನು ಎಲ್ಲಿ ಬಿಡುವುದು? ಕೆಲವು ದಿನದ ಮೇಲೆ ಪೇಟೆಯಲ್ಲಿ ಗೌರವ್ವ ಎದುರಾದಾಗ, ನನಗೂ ಉಳಿಯಲಿಲ್ಲ ಅಂದುಬಿಟ್ಟೆ. ಲೆಕ್ಕ ಚುಕ್ತಾ ಆಯಿತು ಅಂದುಕೊಂಡೆ.

ಆ ಸುದ್ದಿ ಕೇಳಿ ಅದೇ ವಾರ ಆಪಾ ನನ್ನ ಖೋಲಿಗೆ ಬಂದಳು. ಇನ್ನೂ ಸರಿಯಾಗಿ ನಡೆಯಲಾಗದವಳು, ಒಂದು ಡಬ್ಬಿಯಲ್ಲಿ ಗೋಧಿ ಹುಗ್ಗಿ ಹಿಡಿದುಕೊಂಡು, ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ನನ್ನನ್ನು ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ. ಅಳು ಖರೇದು, ಯಾವುದಕ್ಕೆ ಅತ್ತೆನೋ ನನಗೆ ತಿಳಿಯದು. ಮೂಲೆಯಲ್ಲಿ ಖಣದ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಆಮೇಲೆ ಅವಳು ಅಂದ ಮಾತು — ಇಷ್ಟೆಲ್ಲ ಬರೆಯುತ್ತಿರುವುದು ಆ ಮಾತಿಗಾಗಿ.

"ನಾ ಉಡಿ ತುಂಬಬಾರದಿತ್ತು, ತಂಗಿ. ನನ್ನ ಕೈ ಸುಮಾರದ್ದು ಅಂತ ಗೊತ್ತಿದ್ದೂ ತುಂಬಿದೆ. ನಿನ್ನ ಕೂಸಿನ ಪಾಪ ನನಗ ಹತ್ತಿತು."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಹಂಗ ಅನಬ್ಯಾಡ ಆಪಾ — ಅಂದೆ. ಅಷ್ಟೇ ಅಂದೆ. ಹುಗ್ಗಿ ತಿಂದೆ. ಡಬ್ಬಿ ತೊಳೆದು ಕೊಟ್ಟೆ.

ಆಮೇಲೆ ಅವಳ ಗಂಡನಿಗೆ ಕುಮಾರಪಟ್ಟಣದ ಕಡೆ ಕೆಲಸವಾಗಿ ಅವರು ಊರು ಬಿಟ್ಟರು. ವರ್ಷಗಳು ಉರುಳಿದವು. ಹಳಿ ದೊಡ್ಡದಾಯಿತು, ಡಬ್ಬಿ ದೊಡ್ಡದಾಯಿತು, ನನ್ನ ಗಂಟು ಅಂಗಡಿಯಾಯಿತು. ಆ ಹಸಿರು ಖಣವನ್ನು ಮಾರಲಿಲ್ಲ, ಹೊಲಿಸಲಿಲ್ಲ. ಗಲ್ಲೆಯ ಕೆಳಗಿನ ಖಾನೆಯಲ್ಲಿದೆ. ಮೊನ್ನೆ ಮುದುಕಿ ಗೌರವ್ವ ಅಂಗಡಿಗೆ ಬಂದಿದ್ದಳು, ಮೊಮ್ಮಗಳ ಕುಬುಸಕ್ಕೆ ಖಣ ಕೊಳ್ಳಲು. ಆಪಾಳ ಸುದ್ದಿ ಅವಳ ಬಾಯಿಂದಲೇ ಬಂತು. ಮಕ್ಕಳಾಗಲಿಲ್ಲವಂತೆ. ಓಣಿಯ ಹುಡುಗಿಯರಿಗೆಲ್ಲ ಕುಬುಸ ಹೊಲಿದು ಕೊಡುತ್ತಾಳಂತೆ. ಆದರೆ ಯಾರ ಮನೆಯ ಉಡಿ ತುಂಬುವುದಕ್ಕೆ ಕರೆದರೂ ಹೊಸ್ತಿಲ ಹೊರಗೇ ನಿಲ್ಲುತ್ತಾಳಂತೆ. "ನನ್ನ ಕೈಯಿಂದ ಒಬ್ಬಾಕಿದು ಹೋಗೇತಿ, ಬ್ಯಾಡ" ಅನ್ನುತ್ತಾಳಂತೆ.

ಆ ಒಬ್ಬಾಕಿ ನಾನು. ಇಲ್ಲದ ಕೂಸನ್ನು ಕೊಂದ ಪಾಪವನ್ನು ಅವಳು ಇಷ್ಟು ವರ್ಷ ಹೊತ್ತಿದ್ದಾಳೆ — ಅದನ್ನು ಅವಳಿಗೆ ಮಾರಿದವಳು ನಾನು, ಪೂರ್ತಿ ದರಕ್ಕೆ.

ಊರಿಗೆಲ್ಲ ಬುದ್ಧಿ ಹೇಳುವವಳಿಗೆ ತನಗೇ ಹೇಳಿಕೊಳ್ಳಲು ಒಂದು ಬುದ್ಧಿಮಾತೂ ಸಿಗುತ್ತಿಲ್ಲ. ಕ್ಷಮಿಸು ಎಂದು ಕೇಳಿದರೆ ಅದೂ ಒಂದು ಚೌಕಾಶಿಯಾದೀತು. ಅವಳು ಒಲ್ಲೆ ಅನ್ನುವವಳಲ್ಲ ಎಂದು ನನಗೆ ಗೊತ್ತಲ್ಲ. ಕೇಳುವುದಿಲ್ಲ. ಅವಳ ಕೈಯಲ್ಲಿ ದೋಷವಿರಲಿಲ್ಲ ಎಂಬುದನ್ನಷ್ಟೇ ತಿಳಿಸಿ ಬರಬೇಕು.

ನಾಳೆ ಬೆಳಗಿನ ಗಾಡಿಗೆ ಕುಮಾರಪಟ್ಟಣದ ಕಡೆ ಹೊರಡುತ್ತೇನೆ. ಆ ಖಣವನ್ನು ಕೈಯಲ್ಲೇ ಹಿಡಿದು ಹೋಗುತ್ತೇನೆ, ಎಲ್ಲರಿಗೂ ಕಾಣುವ ಹಾಗೆ. ನನಗಿರುವ ಹೆದರಿಕೆ ಒಂದೇ. ಬಾಗಿಲು ತೆರೆದವಳು ನನ್ನ ನರೆತ ತಲೆ ನೋಡಿ, ಸವೆದುಹೋದ ಮೊಣಕಾಲು ನೋಡಿ, ಮೊದಲು ಆಡುವ ಮಾತು ಯಾವುದೆಂದು ನನಗೆ ಗೊತ್ತು — ಬಾ ತಂಗಿ, ಇಲ್ಲಿ ಕುಂದ್ರು.

ಕೂಡಬಾರದು. ನಿಂತೇ ಹೇಳಬೇಕು.