ಅಕ್ಕನ ಹಸಿರು ಚಿತ್ರಗಳು

ಮೊನ್ನೆ ಕಾಲೇಜಿನ ಲ್ಯಾಬಿನಲ್ಲಿ ಫಾರ್ಮಲಿನ್ ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಘಾಟಿಗೆ ಅಂತ ಹುಡುಗರಿಗೆ ಹೇಳಿದೆ. ನೆನಪಾದದ್ದು ಮಾತ್ರ ಅಕ್ಕ...

ಇಬ್ಬರೂ ಒಂದೇ ಗೈಡ್ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ್ದೆವು. ಒಡಹುಟ್ಟಿದವರಲ್ಲ, ನನಗಿಂತ ಮೂರು ವರ್ಷ ಹಿರಿಯರು ಅಂತ ಅಕ್ಕ ಅನ್ನುತ್ತಿದ್ದೆ. ಸಿದ್ಧಾರ್ಥನಗರದಿಂದ ಸಿಟಿ ಬಸ್ಸಿನಲ್ಲಿ ಬರೋರು, ಡಬ್ಬಿಯಲ್ಲಿ ನನಗೂ ಅಂತ ಒಂದು ಚಪಾತಿ ಹೆಚ್ಚಿಗೆ ತರೋರು. ಅದರಲ್ಲೂ ನನಗೆ ಗುಮಾನಿ, ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಅಂತ. ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡಿ.

ಅಕ್ಕನ ಥೀಸಿಸ್ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳು ಬಿಗಿಯಾಗಿ ಸುತ್ತಿಕೊಳ್ಳುತ್ತವೆ, ಹೆಚ್ಚುಕಡಿಮೆ ಎಲ್ಲ ಜೀನ್‌ಗಳೂ ಕೆಲಸ ನಿಲ್ಲಿಸುತ್ತವೆ. ಹಾಗಿದ್ದ ಮೇಲೆ ಯಾವ ಜೀನ್‌ಗಳನ್ನು ಮತ್ತೆ ಎಬ್ಬಿಸಬೇಕು ಅಂತ ಹೊಸ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಕೆಲವು ಪ್ರೋಟೀನುಗಳು ಆಗಲೂ ಜಾಗ ಬಿಡದೆ ಅಂಟಿಕೊಂಡು, ಬೇಕಾದ ಜೀನ್‌ಗಳ ಬಾಗಿಲನ್ನು ಓರೆಯಾಗಿ ತೆರೆದಿಟ್ಟಿರುತ್ತವೆ ಅನ್ನೋದು ಅಕ್ಕನ ವಾದ. ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಗುರುತು ಹಚ್ಚಿ, ಜೀವಂತ ಕೋಶದಲ್ಲೇ ಚಿತ್ರ ತೆಗೆದಿದ್ದರು.

ನಮ್ಮ ಲ್ಯಾಬಿನ ಪದ್ಧತಿ ಬೇರೆ. ಯಾವ ಕೋಶವಾದರೂ ಮೊದಲು ಫಾರ್ಮಲಿನ್ ಹಾಕಿ ಇದ್ದ ಹಾಗೇ ನಿಲ್ಲಿಸು, ಆಮೇಲೆ ನೋಡು. ಅಕ್ಕನ ಕೋಶಗಳನ್ನೂ ನಾನು ಹಾಗೆ ನೋಡಿದಾಗ ವರ್ಣತಂತುಗಳ ಮೇಲೆ ಒಂದು ಚೂರೂ ಹಸಿರಿರಲಿಲ್ಲ. ಅಕ್ಕ ಬೇಕಾದ ಚಿತ್ರ ಇಟ್ಟುಕೊಂಡು ಬೇಡದ್ದನ್ನು ಎಸೆದಿದ್ದಾರೆ ಅಂತ ತೀರ್ಮಾನಿಸಿಬಿಟ್ಟೆ. ನೀನೇ ಬಂದು ಮೈಕ್ರೋಸ್ಕೋಪಿನಲ್ಲಿ ನೋಡು ಅಂತ ಎರಡು ದಿನ ಕರೆದರು. ಹೋಗಲಿಲ್ಲ. ನೇರ ಗೈಡ್ ಹತ್ತಿರ ಹೋಗಿ ಚಾಡಿ ಹೇಳಿದೆ.

ಆ ಅಧ್ಯಾಯ ತೆಗೆದುಹಾಕಿ ಅಂದರು ಗೈಡ್. ಅದನ್ನು ತೆಗೆದರೆ ಥೀಸಿಸ್‌ನಲ್ಲಿ ಉಳಿಯುವುದಾದರೂ ಏನು... ಅಕ್ಕ ಜಗಳವಾಡಲಿಲ್ಲ. ಪಿಎಚ್.ಡಿ. ಬಿಟ್ಟು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳಲು ಸೇರಿಕೊಂಡರು. ಜಗಳವಾಡದ್ದನ್ನೂ ನಾನು ತಪ್ಪೊಪ್ಪಿಗೆ ಅಂತಲೇ ಎಣಿಸಿದೆ.

ಎಷ್ಟೋ ವರ್ಷಗಳ ಮೇಲೆ, ಜೀವಂತ ಕೋಶದ ಚಿತ್ರ ನಂಬಬಾರದು ಅಂತ ನನ್ನ ವಿದ್ಯಾರ್ಥಿಗಳಿಗೆ ತೋರಿಸಲು ಹೊರಟೆ. ಮೈಕ್ರೋಸ್ಕೋಪಿನ ಕೆಳಗೆ ಕೋಶ ಒಡೆಯುತ್ತಿತ್ತು, ವರ್ಣತಂತುಗಳ ಮೇಲೆ ಹಸಿರು ಹೊಳೆಯುತ್ತಿತ್ತು. ಅದರ ಮೇಲೆ ಫಾರ್ಮಲಿನ್ ಹನಿ ಬಿಟ್ಟೆ. ನನ್ನ ಕಣ್ಣೆದುರೇ ಆ ಹಸಿರೆಲ್ಲ ವರ್ಣತಂತುಗಳನ್ನು ಬಿಟ್ಟು ಚದುರಿಹೋಯಿತು. ಪ್ರೋಟೀನನ್ನು ಓಡಿಸುತ್ತಿದ್ದದ್ದೇ ನಾನು ನಂಬಿದ್ದ ಫಾರ್ಮಲಿನ್. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

ಅದೇ ವಾರ ಸಿದ್ಧಾರ್ಥನಗರಕ್ಕೆ ಹೋದೆ. ಅಕ್ಕನ ತಲೆ ನರೆತಿತ್ತು. ನಿಮ್ಮ ಮಾತೇ ಸರಿ ಅಕ್ಕ ಅಂತ ಕ್ಷಮೆ ಕೇಳಿದೆ.

"ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೋ," ಅಂದರು. "ಎರಡು ದಿನಾನೂ ಸಂಜೆವರೆಗೆ ಕೋಶಗಳನ್ನ ಬೆಚ್ಚಗಿಟ್ಕೊಂಡು, ನೀನು ಬರ್ತೀಯ ಅಂತ ಕೂತಿದ್ದೆ."

ಕಾಫಿ ಕೊಟ್ಟರು, ಊಟ ಮಾಡ್ಕೊಂಡು ಹೋಗು ಅಂದರು. ನಿಜವಾಗಿ ಕ್ಷಮಿಸಿದರೋ, ಮರ್ಯಾದೆಗೆ ಅಂದರೋ... ಆಗಲೂ ನನಗೆ ಅನುಮಾನವೇ. ಊಟಕ್ಕೆ ನಿಲ್ಲಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ಮನೆ ಮುಂದೆ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ, ಹೆಸರಿನ ಕೆಳಗೆ ಬಯಾಲಜಿ ಮೇಡಂ ಅಂತಷ್ಟೇ ಹಾಕಿಸಿದ್ದರು. ಕಾಲೇಜಿನಲ್ಲಿ ನನ್ನ ಕೋಣೆಯ ಬಾಗಿಲ ಮೇಲೆ, ಈವತ್ತಿಗೂ, ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತಿದೆ.