ಟೇಪ್ ಬಿಚ್ಚಿ ಮಾಡಿದ ಪೂಜೆ

ಗೆಳೆಯರೇ, ಹುಳಿಯಾರಿನ ಕೊಬ್ಬರಿ ಮಂಡಿಯಲ್ಲಿ ಬೆಳಿಗ್ಗೆಯಿಂದ ಇಂಟರ್ನೆಟ್ ಇಲ್ಲ ಎಂದು ಫೋನ್ ಬಂತು. ಹೋಗಿ ತಾರಸಿ ಹತ್ತಿ ನೋಡಿದರೆ, ಮಳೆನೀರು ಇಳಿಯದಿರಲೆಂದು ಆಂಟೆನಾಕ್ಕೆ ಕೇಬಲ್ ಸೇರುವಲ್ಲಿ ನಾನು ಬಿಗಿಯಾಗಿ ಸುತ್ತಿದ್ದ ರಬ್ಬರ್ ಟೇಪ್ ಮಾಯ. ಆಂಟೆನಾದ ಮೇಲೆ ಮೂರು ಪಟ್ಟೆ ವಿಭೂತಿ, ಬುಡದಲ್ಲಿ ಒಡೆದ ತೆಂಗಿನಕಾಯಿ. ಅದರ ನೀರೆಲ್ಲ ಕೇಬಲ್ಲಿನೊಳಗೆ. ಕೆಳಗಿಳಿದು ಮಂಡಿಯ ಯಜಮಾನರನ್ನು ಕೇಳಿದೆ.

"ಟೇಪ್ ಯಾಕೆ ಬಿಚ್ಚಿದ್ರಿ, ಯಜಮಾನ್ರೇ?"

"ನಿನ್ನೆ ಆಯುಧಪೂಜೆ ಅಲ್ವೇನಪ್ಪ. ಟೇಪ್ ಮೇಲೆ ಕಾಯಿನೀರು ಬುಟ್ರೆ ಪೂಜೆ ಟೇಪಿಗಾಯ್ತದೆ, ಯಂತ್ರಕ್ಕೆಲ್ಲಿ ಮುಟ್ತದೆ?"

ಹಲ್ಲು ಕಚ್ಚಿಕೊಂಡು ಹೊಸ ಕೇಬಲ್ ಹಾಕಿದೆ. ಟೇಪ್ ಸುತ್ತಬೇಕು ಎನ್ನುವಷ್ಟರಲ್ಲಿ ಯಜಮಾನರು ಇನ್ನೊಂದು ಕಾಯಿ ಹಿಡಿದು ಮೇಲೆ ಬಂದರು.

"ತಡಿ, ಹೊಸ ವೈರಿಗೆ ಪೂಜೆ ಆಗಿಲ್ಲ ಕಣಪ್ಪ."

ಮಳೆ ತಡೆಯುವ ಟೇಪ್ ನನ್ನ ಹತ್ತಿರ ಇದೆ. ಯಜಮಾನರನ್ನು ತಡೆಯುವಂಥದ್ದು ನಿಮ್ಮೂರಿನ ಅಂಗಡಿಯಲ್ಲೇನಾದರೂ ಸಿಕ್ಕರೆ ತಿಳಿಸಿ.